ನಮ್ಮ ನಾಯಕರು ಎಲ್ಲಿ ಮಣ್ಣಾದರು?

ಹೆಬ್ಬೆಗೆ ಜನ ಹೋಗುವುದು ಜಲಪಾತ ನೋಡಲು. ಕೆಮ್ಮಣ್ಣುಗುಂಡಿಯಿಂದ ಜೀಪು ಹತ್ತಿ, ಕಾಫಿ ತೋಟ ದಾಟಿ, ಹಳ್ಳದಲ್ಲಿ ಕಾಲು ತೋಯಿಸಿಕೊಂಡು, ಜಿಗಣೆ ಕಿತ್ತೆಸೆಯುತ್ತ ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆಗಳನ್ನು ಕಂಡು ಬರುತ್ತಾರೆ. ರಾಜಕಾರಣಿಯ ಸಮಾಧಿ ಹುಡುಕಿಕೊಂಡು ಯಾರೂ ಅಲ್ಲಿಗೆ ಹೋಗುವುದಿಲ್ಲ. ಆದರೆ ಈ ಗುಡ್ಡದ ಬದುಕನ್ನು ರಾಜಕಾರಣ ತಿರುಗಿಸಿದಷ್ಟು ಮಳೆಯೂ ತಿರುಗಿಸಿಲ್ಲ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಆಗಬೇಕೆಂದು ವಿಶ್ವೇಶ್ವರಯ್ಯನವರು ಹಟ ಹಿಡಿದದ್ದರಿಂದ ಕೆಮ್ಮಣ್ಣುಗುಂಡಿಯ ಅದಿರು ಕೆಳಗಿಳಿಯಿತು. ಲಕ್ಕವಳ್ಳಿಯಲ್ಲಿ ಅಣೆಕಟ್ಟು ಎದ್ದು ಭದ್ರೆಯ ಹಿನ್ನೀರು ಕಾಡಿನೊಳಕ್ಕೆ ಹಬ್ಬಿತು. ಆಮೇಲೆ ಅಭಯಾರಣ್ಯ ಬಂತು, ಹುಲಿ ಯೋಜನೆ ಬಂತು. 2000ದ ದಶಕದ ಆರಂಭದಲ್ಲಿ ಕಾಡಿನೊಳಗಿನ ಊರುಗಳ ನೂರಾರು ಕುಟುಂಬಗಳು ಗಂಟುಮೂಟೆ ಕಟ್ಟಿ ತರೀಕೆರೆ ಕಡೆಯ ಎಂ.ಸಿ. ಹಳ್ಳಿಗೂ ಮೂಡಿಗೆರೆ ಕಡೆಯ ಕೆಳಗೂರಿಗೂ ಇಳಿದವು. ಪಾತ್ರೆಪಡಗ, ದನಕರು, ದೇವರ ಪೆಟ್ಟಿಗೆ ಎಲ್ಲವನ್ನೂ ಹೊತ್ತು ತರಬಹುದು. ಹಿರಿಯರನ್ನು ಹೂತ ಜಾಗವನ್ನು ಹೊತ್ತು ತರಲಾಗದು.

ಇಷ್ಟೆಲ್ಲ ತೀರ್ಮಾನಗಳಿಗೆ ಸಹಿ ಹಾಕಿದವರು ಎಲ್ಲಿದ್ದಾರೆ? ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯ ಸಮಾಧಿಯಲ್ಲಿದ್ದಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ತೋಟದಲ್ಲಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಒಂದೊಂದು ಜಿಲ್ಲೆಯ ಸ್ಮಶಾನಗಳನ್ನು ಹಿಡಿದು ಯಾವ ಸೆನೆಟರ್, ಯಾವ ನ್ಯಾಯಾಧೀಶ, ಯಾವ ಮೇಯರ್ ಯಾವ ಕಲ್ಲಿನ ಕೆಳಗಿದ್ದಾನೆಂದು ಪಟ್ಟಿ ಮಾಡಿಡುವ ಉತ್ಸಾಹಿಗಳಿದ್ದಾರೆ. ಅಲ್ಲಿ ಸ್ಮಶಾನ ಊರಿಗೆ ಸೇರಿದ್ದು, ಕಲ್ಲಿನ ಮೇಲೆ ಹೆಸರು, ಇಸವಿ, ಹುದ್ದೆ ಕೆತ್ತಿರುತ್ತದೆ, ಹಾಗಾಗಿ ಪಟ್ಟಿ ಸಲೀಸು. ಅಂಥದೊಂದು ಪಟ್ಟಿಯನ್ನು ಕಡೂರು, ತರೀಕೆರೆ, ಅಜ್ಜಂಪುರಗಳನ್ನು ನಡುವೆ ಇಟ್ಟುಕೊಂಡು ನಾವು ಮಾಡಹೊರಟರೆ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತೇವೆ. ನಮ್ಮಲ್ಲಿ ಅರ್ಧ ಜನ ಸುಡುತ್ತಾರೆ, ಅರ್ಧ ಜನ ಹೂಳುತ್ತಾರೆ. ಈ ಮೂರು ತಾಲ್ಲೂಕುಗಳಂತೂ ಮಲೆನಾಡು ಮತ್ತು ಬಯಲುಸೀಮೆಯ ಗಡಿಯ ಮೇಲೇ ಕುಳಿತಿವೆ. ಪಶ್ಚಿಮಕ್ಕೆ ಕಾಡಿನ ಕಡೆ ಸೌದೆಗೆ ಬರವಿಲ್ಲ, ಚಿತೆಯೇ ಹೆಚ್ಚು. ಪೂರ್ವಕ್ಕೆ ಅಜ್ಜಂಪುರ, ಕಡೂರು ಕಡೆ ಇಳಿದರೆ ಹೊಲದ ಬದುವಿನಲ್ಲಿ, ತೆಂಗಿನ ತೋಟದಲ್ಲಿ ಸಮಾಧಿಗಳು ಕಾಣತೊಡಗುತ್ತವೆ.

ಸತ್ತವರ ಹೆಸರಿಗೆ ಕಲ್ಲು ನಿಲ್ಲಿಸುವ ಅಭ್ಯಾಸ ಈ ಸೀಮೆಗೆ ಹೊಸದಲ್ಲ. ಕಡೂರಿನಲ್ಲೇ ಸಿಕ್ಕಿದ ಗಂಗರ ಕಾಲದ ಶಾಸನವೊಂದು ಪಾಂಬಬ್ಬೆ ಎಂಬ ಹೆಣ್ಣುಮಗಳ ಸಾವನ್ನು ಹೇಳುತ್ತದೆ. ಆಕೆ ಗಂಗರ ದೊರೆ ಬೂತುಗನ ಅಕ್ಕ. ಅರಮನೆ ಬಿಟ್ಟು, ತಲೆಗೂದಲು ತೆಗೆಸಿಕೊಂಡು, 30 ವರ್ಷ ಜೈನ ವ್ರತದಲ್ಲಿದ್ದು 971ರಲ್ಲಿ ದೇಹ ಬಿಟ್ಟಳು. ಅಧಿಕಾರದ ಮನೆಯಲ್ಲಿ ಹುಟ್ಟಿ ಅದನ್ನು ಬಿಟ್ಟು ಹೋದದ್ದಕ್ಕಾಗಿಯೇ ಕಲ್ಲು ಹಾಕಿಸಿಕೊಂಡವಳು ಅವಳು. ಸಾವಿರ ವರ್ಷ ಕಳೆದ ಮೇಲೆ ಅದೇ ಸೀಮೆಯ ರಾಜಕಾರಣದಲ್ಲಿ ಹಾಗೆ ಬಿಟ್ಟು ಹೋದವರನ್ನು ಹುಡುಕಿದರೆ ಸಿಕ್ಕಾರು ಎಂಬ ಭರವಸೆ ನನಗಿಲ್ಲ.

ಅವಳ ನಂತರದ ಶತಮಾನಗಳಲ್ಲೂ ವೀರಗಲ್ಲು, ಮಾಸ್ತಿಕಲ್ಲುಗಳು ನಿಲ್ಲುತ್ತ ಬಂದವು. ನಗರ ಸೀಮೆಯ ದಂಗೆಯಲ್ಲಿ ಸಿಡಿದೆದ್ದ ತರೀಕೆರೆಯ ಪಾಳೆಯಗಾರರ ಮನೆತನದ ಸರ್ಜಾ ಹನುಮಪ್ಪ ನಾಯಕನನ್ನು ಬ್ರಿಟಿಷರು ಹಿಡಿದು 1834ರಲ್ಲಿ ಗಲ್ಲಿಗೇರಿಸಿದರು. ಅದೇ ವರ್ಷ ಮೈಸೂರಿನ ಕಮಿಷನರ್ ಆಗಿ ಬಂದ ಮಾರ್ಕ್ ಕಬ್ಬನ್ 1861ರವರೆಗೆ ಈ ನಾಡನ್ನು ಆಳಿದ. ಊರಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡವನನ್ನು ಐಲ್ ಆಫ್ ಮ್ಯಾನ್ ದ್ವೀಪದ ಅವನ ಹುಟ್ಟೂರಿನ ಇಗರ್ಜಿಯಲ್ಲಿ ಹೂಳಿದರು. ಆಳುವವನನ್ನು ಅವನ ಸ್ವಂತ ನೆಲಕ್ಕೇ ಒಯ್ಯುವ ಆ ಪದ್ಧತಿಯನ್ನು ಸ್ವತಂತ್ರ ಭಾರತದ ನಮ್ಮ ನಾಯಕರೂ ಬಹುಮಟ್ಟಿಗೆ ಪಾಲಿಸಿದರು.

ಈಗ ಮತಪೆಟ್ಟಿಗೆಯ ಕಾಲಕ್ಕೆ ಬರೋಣ. ಸಖರಾಯಪಟ್ಟಣದ ಬಳಿಯ ಸರಪನಹಳ್ಳಿಯವರಾದ ಎಸ್.ಎಲ್. ಧರ್ಮೇಗೌಡರಿಂದಲೇ ಶುರು ಮಾಡಬೇಕು. ಹಳೆಯ ಬೀರೂರು ಕ್ಷೇತ್ರದಿಂದ 2004ರಲ್ಲಿ ಶಾಸಕರಾದವರು, ಆಮೇಲೆ ವಿಧಾನ ಪರಿಷತ್ತಿನ ಉಪಸಭಾಪತಿ. 2020ರ ಡಿಸೆಂಬರ್ 15ರಂದು ಪರಿಷತ್ತಿನ ಗದ್ದಲದಲ್ಲಿ ಸದಸ್ಯರೇ ಅವರನ್ನು ಪೀಠದಿಂದ ಎಳೆದಿಳಿಸಿದ್ದನ್ನು ನಾಡೆಲ್ಲ ಟಿವಿಯಲ್ಲಿ ಕಂಡಿತು. ಎರಡು ವಾರ ಕಳೆಯುವುದರೊಳಗೆ ಕಡೂರಿನ ಗುಣಸಾಗರದ ಬಳಿ ರೈಲು ಹಳಿಯ ಮೇಲೆ ಅವರ ದೇಹ ಸಿಕ್ಕಿತು. ಹುಟ್ಟೂರಿನಲ್ಲೇ ಅಂತ್ಯಕ್ರಿಯೆ ನಡೆಯಿತು. ಆ ಸಾವಿನ ಕಾರಣವನ್ನು ಹೊರಗಿನವರು ಅಳೆಯಬಾರದು. ಆದರೆ ಪರಿಷತ್ತಿನ ಆ ದಿನದ ನಡವಳಿಕೆಗೆ ಯಾರೂ ಸರಿಯಾದ ಉತ್ತರ ಕೊಡಲಿಲ್ಲ ಎಂಬುದನ್ನು ಹೇಳದೆ ಮುಂದೆ ಹೋಗುವುದು ಕಷ್ಟ. ಇನ್ನೊಂದು ಮಾತು: ಅವರನ್ನು ಗೆಲ್ಲಿಸಿದ ಬೀರೂರು ಕ್ಷೇತ್ರವೂ ಈಗಿಲ್ಲ. 2008ರ ಕ್ಷೇತ್ರ ಪುನರ್‌ವಿಂಗಡಣೆಯಲ್ಲಿ ಅದು ಅಳಿಯಿತು. ಕಡೂರು ಹಾಸನ ಲೋಕಸಭೆಗೆ ಹೋಯಿತು, ತರೀಕೆರೆ ಉಡುಪಿಯ ಜೊತೆ ಸೇರಿತು. ಕ್ಷೇತ್ರಗಳೂ ಸಾಯುತ್ತವೆ. ಅವುಗಳಿಗೆ ತಿಥಿ ಮಾಡುವವರಿಲ್ಲ, ಅಷ್ಟೆ.

ಹಾಗೆ ಅಳಿದ ಇನ್ನೊಂದು ಕ್ಷೇತ್ರ ಚಿಕ್ಕಮಗಳೂರು ಲೋಕಸಭೆ. 1978ರಲ್ಲಿ ಇಂದಿರಾ ಗಾಂಧಿಯವರಿಗೆ ಆ ಸ್ಥಾನ ಬಿಟ್ಟುಕೊಟ್ಟವರು ಡಿ.ಬಿ. ಚಂದ್ರೇಗೌಡರು. ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ಇಂದಿರಾ ಮತ್ತೆ ಸಂಸತ್ತಿಗೆ ಕಾಲಿಟ್ಟದ್ದು ಇಲ್ಲಿಂದ. ವಿಧಾನಸಭೆ, ವಿಧಾನ ಪರಿಷತ್ತು, ಲೋಕಸಭೆ, ರಾಜ್ಯಸಭೆ, ಈ ನಾಲ್ಕೂ ಸದನ ಕಂಡ ಅಪರೂಪದ ಮನುಷ್ಯ ಚಂದ್ರೇಗೌಡರು. 2023ರ ನವೆಂಬರ್ 7ರಂದು ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ಮನೆಯಲ್ಲಿ ತೀರಿಕೊಂಡರು, ಅಂತ್ಯಕ್ರಿಯೆಯೂ ಅಲ್ಲೇ. ಇಂದಿರಾ ಗಾಂಧಿಯವರಿಗೆ ದೆಹಲಿಯಲ್ಲಿ ಶಕ್ತಿಸ್ಥಳವಿದೆ. ಅವರಿಗೆ ಸಂಸತ್ತಿನ ಬಾಗಿಲು ತೆರೆದುಕೊಟ್ಟವರು ತಮ್ಮ ಕಾಫಿ ನಾಡಿನಲ್ಲೇ ಸದ್ದಿಲ್ಲದೆ ಉಳಿದರು. ಕೊಪ್ಪದ ಎಚ್.ಜಿ. ಗೋವಿಂದೇಗೌಡರ ಕತೆಯೂ ಹೀಗೆಯೇ. 1994ರ ನಂತರ ಶಿಕ್ಷಣ ಸಚಿವರಾಗಿದ್ದಾಗ ಒಂದು ಲಕ್ಷದಷ್ಟು ಪ್ರಾಥಮಿಕ ಶಾಲಾ ಶಿಕ್ಷಕರನ್ನು ಲಂಚದ ಮಾತು ಬಾರದಂತೆ ನೇಮಿಸಿದ ಹೆಸರು ಅವರದು. 2016ರ ಜನವರಿಯಲ್ಲಿ ಕೊಪ್ಪದಲ್ಲಿ ತೀರಿಕೊಂಡರು. ಅವರ ಸ್ಮಾರಕ ನೋಡಬೇಕೆಂದರೆ ಆ ವರ್ಷಗಳಲ್ಲಿ ನೌಕರಿ ಹಿಡಿದ ಯಾವುದಾದರೂ ಮೇಷ್ಟ್ರ ಮನೆಗೆ ಹೋದರೆ ಸಾಕು.

ಕೊಪ್ಪಕ್ಕೆ ಒಂದು ಸಾವಿನ ಋಣ ಬೇರೆಯಿದೆ. 2017ರ ಜನವರಿ 3ರಂದು ಸಹಕಾರ ಸಚಿವ ಎಚ್.ಎಸ್. ಮಹದೇವಪ್ರಸಾದ್ ಕೊಪ್ಪದ ರೆಸಾರ್ಟ್ ಒಂದರಲ್ಲಿ ಮಲಗಿದವರು ಏಳಲಿಲ್ಲ. ದೇಹ ಅಲ್ಲಿಂದ ಗುಂಡ್ಲುಪೇಟೆ ತಾಲ್ಲೂಕಿನ ಹಾಲಹಳ್ಳಿಗೆ, ಅಂದರೆ ರಾಜ್ಯದ ತೆಂಕಣ ತುದಿಗೆ ಹೋಯಿತು. ಸ್ವಂತ ಜಮೀನಿನಲ್ಲಿ ಲಿಂಗಾಯತ ಪದ್ಧತಿಯಂತೆ ಸಮಾಧಿ ಆಯಿತು. ಮೂರು ತಿಂಗಳಲ್ಲಿ ಉಪಚುನಾವಣೆ ಬಂತು, ಪತ್ನಿ ಗೀತಾ ಗೆದ್ದರು.

ಲಿಂಗಾಯತ ಪದ್ಧತಿ ಎಂದೆ. ಕರ್ನಾಟಕದ ರಾಜಕೀಯ ಸಮಾಧಿಗಳಲ್ಲಿ ಬಹುಪಾಲು ಈ ಬಗೆಯವು. ದೇಹವನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಅಂಗೈಯಲ್ಲಿ ಇಷ್ಟಲಿಂಗ, ಹಣೆಗೆ ವಿಭೂತಿ, ಸುತ್ತ ವಿಭೂತಿಗಟ್ಟಿಗಳು, ಬಿಲ್ವಪತ್ರೆ. ಪೊಲೀಸರ ಕುಶಾಲು ತೋಪು ಮುಗಿದು, ತ್ರಿವರ್ಣ ಧ್ವಜ ಮಡಿಸಿ ಮನೆಯವರ ಕೈಗೆ ಕೊಟ್ಟ ಮೇಲೆ ಸರ್ಕಾರದ ಕೆಲಸ ಮುಗಿಯಿತು, ಅಯ್ಯನವರ ಕೆಲಸ ಶುರು. ಹುಕ್ಕೇರಿಯ ಉಮೇಶ್ ಕತ್ತಿಯವರು 2022ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ಬೆಲ್ಲದ ಬಾಗೇವಾಡಿಯ ತೋಟದಲ್ಲಿ ತಂದೆತಾಯಿಯ ಪಕ್ಕದಲ್ಲಿ ಹೀಗೇ ಸಮಾಧಿಯಾದರು. ಚಾಮರಾಜನಗರದ ಆರ್. ಧ್ರುವನಾರಾಯಣ ಲಿಂಗಾಯತರಲ್ಲ, ದಲಿತ ನಾಯಕ. ಅವರನ್ನೂ 2023ರ ಮಾರ್ಚ್‌ನಲ್ಲಿ ಹೆಗ್ಗವಾಡಿಯಲ್ಲಿ ತಂದೆತಾಯಿಯ ಸಮಾಧಿಯ ಬಳಿಯೇ ಹೂತರು. ಜಾತಿ ಯಾವುದಾದರೇನು, ಹಿರಿಯರ ಮಗ್ಗುಲಿಗೆ ಸೇರಬೇಕೆಂಬ ಆಸೆ ಎಲ್ಲ ಕಡೆ ಒಂದೇ.

ಈ ಸ್ವಂತ ತೋಟ ಎನ್ನುವುದು ಅಷ್ಟು ಸರಳವಾಗಿ ಬಂದದ್ದಲ್ಲ. ದೇವರಾಜ ಅರಸು ಸರ್ಕಾರ 1974ರಲ್ಲಿ ತಿದ್ದಿದ ಭೂಸುಧಾರಣಾ ಕಾಯ್ದೆಯಿಂದ ಗೇಣಿದಾರರ ಹೆಸರಿಗೆ ಪಹಣಿ ಬಂತು. ಉಳುವ ಹಕ್ಕಿನ ಮಾತು ಎಲ್ಲರೂ ಆಡುತ್ತಾರೆ. ಆದರೆ ಅಪ್ಪನನ್ನು ಧಣಿಯ ಅಪ್ಪಣೆ ಕೇಳದೆ ತನ್ನ ಹೊಲದಲ್ಲೇ ಮಣ್ಣು ಮಾಡುವ ಹಕ್ಕೂ ಅದರ ಜೊತೆಗೇ ಬಂತು. ಅದಿಲ್ಲದವರಿಗೆ, ಅಂದರೆ ಭೂಮಿ ಸಿಗದೆ ಉಳಿದವರಿಗೆ, ಇಂದಿಗೂ ಊರಿನ ಮಸಣವೇ ಗತಿ. ಎಷ್ಟೋ ಊರುಗಳಲ್ಲಿ ಅದೂ ಇಲ್ಲ. ಎಲ್ಲ ಹಳ್ಳಿಗಳಿಗೂ ಸ್ಮಶಾನ ಜಾಗ ಒದಗಿಸಬೇಕೆಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಸರ್ಕಾರಕ್ಕೆ ಹೇಳಬೇಕಾಯಿತು. ಆದೇಶ ಜಾರಿಯಾಗಲಿಲ್ಲವೆಂದು ನ್ಯಾಯಾಂಗ ನಿಂದನೆ ಅರ್ಜಿಯೂ ಬಂತು. ಮಂತ್ರಿಯ ಸಮಾಧಿಗೆ ಶಾಮಿಯಾನ ಹಾಕುವ ದಿನವೇ ಪಕ್ಕದ ಕೇರಿಯವರು ಹೆಣ ಹೊತ್ತು ಕೆರೆಯ ಅಂಗಳಕ್ಕೆ ಹೋಗುವ ನಾಡು ಇದು.

ಅಜ್ಜಂಪುರದ ಗಡಿ ದಾಟಿದರೆ ಎರಡು ಸಮಾಧಿಗಳಿವೆ. ಎರಡನ್ನೂ ಒಂದೇ ದಿನ ನೋಡಿ ಬರಬಹುದು, ನೋಡಲೂಬೇಕು. ಒಂದು ಚನ್ನಗಿರಿ ತಾಲ್ಲೂಕಿನ ಕಾರಿಗನೂರು, ಜೆ.ಎಚ್. ಪಟೇಲರ ಊರು. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋಗಿ ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದವರು. ಮುಖ್ಯಮಂತ್ರಿಯಾಗಿ 1997ರಲ್ಲಿ ಏಳು ಹೊಸ ಜಿಲ್ಲೆ ಮಾಡಿದರು. ಆ ಲೆಕ್ಕದಲ್ಲಿ ಅವರ ಊರೇ ಶಿವಮೊಗ್ಗದಿಂದ ಎದ್ದು ದಾವಣಗೆರೆ ಜಿಲ್ಲೆಗೆ ಹೋಯಿತು. 2000ದ ಡಿಸೆಂಬರ್ 12ರಂದು ತೀರಿಕೊಂಡವರು ತಾವೇ ರಚಿಸಿದ ಜಿಲ್ಲೆಯ ಮಣ್ಣಿನಲ್ಲಿದ್ದಾರೆ. ಇಂಥ ವ್ಯವಸ್ಥೆ ಮಾಡಿಕೊಂಡ ಇನ್ನೊಬ್ಬ ಮುಖ್ಯಮಂತ್ರಿ ನನಗೆ ಹೊಳೆಯುತ್ತಿಲ್ಲ. ಪಟೇಲರು ಇದ್ದಿದ್ದರೆ ಈ ಮಾತಿಗೆ ಇದಕ್ಕಿಂತ ಚೆನ್ನಾದ ತಮಾಷೆಯೊಂದನ್ನು ಜೋಡಿಸಿ, ಅರೆಗಣ್ಣು ಮುಚ್ಚಿ ಕೂರುತ್ತಿದ್ದರು.

ಇನ್ನೊಂದು ಚಿತ್ರದುರ್ಗದ ಹತ್ತಿರ, ಹೆದ್ದಾರಿಯ ಮಗ್ಗುಲ ಸೀಬಾರ. ಅಲ್ಲಿರುವುದು ಎಸ್. ನಿಜಲಿಂಗಪ್ಪನವರ ಸಮಾಧಿ. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ. 1969ರಲ್ಲಿ ಕಾಂಗ್ರೆಸ್ ಒಡೆದಾಗ ಪಕ್ಷದ ಅಧ್ಯಕ್ಷರು, ಅಂದರೆ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಿದವರು. 2000ದ ಆಗಸ್ಟ್ 8ರಂದು ತೀರಿಕೊಂಡಾಗ ಅವರಿಗೆ 97 ವರ್ಷ. ಸೀಬಾರದ ಸ್ಮಾರಕವನ್ನು ದಲೈ ಲಾಮಾ ಬಂದು ಉದ್ಘಾಟಿಸಿದರು. ನಿಜಲಿಂಗಪ್ಪನವರ ಕಾಲದಲ್ಲೇ, 1966ರಲ್ಲಿ, ಮುಂಡಗೋಡಿನಲ್ಲಿ ಟಿಬೆಟನ್ನರಿಗೆ ನೆಲೆ ಸಿಕ್ಕಿತ್ತು. ತನ್ನ ನೆಲ ಕಳೆದುಕೊಂಡ ಸಮುದಾಯದ ಗುರು, ನೆಲ ಕೊಟ್ಟವರ ಸಮಾಧಿಗೆ ನಡೆದು ಬಂದದ್ದು ಕರ್ನಾಟಕದ ರಾಜಕೀಯ ಸಮಾಧಿಗಳ ಇತಿಹಾಸದಲ್ಲಿ ಬಹುಶಃ ಅತ್ಯಂತ ಘನವಾದ ಗಳಿಗೆ. ಅಲ್ಲಿ ಚುನಾವಣೆಯ ಟಿಕೆಟ್ ಕೇಳಲು ಯಾರೂ ನಿಂತಿರಲಿಲ್ಲ. ಸೀಬಾರಕ್ಕೆ ಇನ್ನೊಂದು ಅನುಕೂಲವಿದೆ. ಅದು ತೋಟದೊಳಗಿಲ್ಲ, ದಾರಿಯಲ್ಲಿದೆ. ಹೋಗಿಬರುವ ಬಸ್ಸಿನವರೂ ಕಾಣುತ್ತಾರೆ.

ಸಮಾಧಿ ಮನೆಯೊಳಗೆ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಸೊರಬದ ಬಂಗಾರಧಾಮ ಸಾಕ್ಷಿ. ಎಸ್. ಬಂಗಾರಪ್ಪ 2011ರ ಡಿಸೆಂಬರ್ 26ರಂದು ಹೋದರು. ಇಬ್ಬರು ಗಂಡುಮಕ್ಕಳೂ ರಾಜಕಾರಣದಲ್ಲಿ, ಬೇರೆ ಬೇರೆ ಪಕ್ಷಗಳಲ್ಲಿ. ಸೊರಬವನ್ನು 2013ರಲ್ಲಿ ಮಧು ಗೆದ್ದರು, 2018ರಲ್ಲಿ ಕುಮಾರ್ ಗೆದ್ದರು, 2023ರಲ್ಲಿ ಮತ್ತೆ ಮಧು. ಒಂದೇ ಅಪ್ಪನ ನೆನಪು ಎರಡು ಚಿಹ್ನೆಗಳ ಕೆಳಗೆ ಮತ ಕೇಳಿತು. ಇದು ಸೊರಬದೊಂದರ ಕತೆಯಲ್ಲ. 2018ರಲ್ಲಿ ರಸ್ತೆ ಅಪಘಾತದಲ್ಲಿ ಸಿದ್ದು ನ್ಯಾಮಗೌಡರು ತೀರಿಕೊಂಡಾಗ ಜಮಖಂಡಿಯಲ್ಲಿ ಮಗ ಆನಂದ್ ಗೆದ್ದರು. 2019ರಲ್ಲಿ ಸಿ.ಎಸ್. ಶಿವಳ್ಳಿ ಹೋದಾಗ ಕುಂದಗೋಳದಲ್ಲಿ ಪತ್ನಿ ಕುಸುಮಾ. ಧ್ರುವನಾರಾಯಣರ ನಂತರ ನಂಜನಗೂಡಿನಲ್ಲಿ ಮಗ ದರ್ಶನ್. ನಾಮಪತ್ರ ಹಾಕುವ ಬೆಳಿಗ್ಗೆ ಸಮಾಧಿಗೆ ಹೂವಿಟ್ಟು ಹೊರಡುವುದು ಈಗ ಮನೆದೇವರ ದರ್ಶನದಷ್ಟೇ ಖಾಯಂ ಆದ ಕಾರ್ಯಕ್ರಮ. ನನ್ನ ವಾದವೂ ಇಷ್ಟೆ: ನಾಯಕನ ಸಮಾಧಿ ಕುಟುಂಬದ ಸ್ವತ್ತಾಗಿ ಉಳಿಯುವುದಕ್ಕೂ ಕ್ಷೇತ್ರ ಕುಟುಂಬದ ಸ್ವತ್ತಾಗುವುದಕ್ಕೂ ನಂಟಿದೆ. ಜನ ಆರಿಸಿ ಕಳಿಸಿದವನು ಸತ್ತ ಮೇಲೆ ಜನರಿಗೆ ಮರಳಿ ಸಿಗುವುದಿಲ್ಲ, ಮನೆಗೆ ಮರಳುತ್ತಾನೆ. ಅವನ ಜೊತೆ ಕ್ಷೇತ್ರವೂ ಮನೆ ಸೇರುತ್ತದೆ. ಮತದಾರರು ಪ್ರತಿ ಸಲ ಒಪ್ಪುವುದಿಲ್ಲ, ಪಕ್ಷಗಳೂ ಪ್ರತಿ ಸಲ ಮಣಿಯುವುದಿಲ್ಲ ಎನ್ನುವುದು ನಿಜ. 2018ರ ನವೆಂಬರ್‌ನಲ್ಲಿ ಅನಂತಕುಮಾರ್ ತೀರಿಕೊಂಡು ಬೆಂಗಳೂರಿನ ಚಾಮರಾಜಪೇಟೆಯ ಚಿತಾಗಾರದಲ್ಲಿ ಬೂದಿಯಾದ ಮೇಲೆ ಬೆಂಗಳೂರು ದಕ್ಷಿಣದ ಟಿಕೆಟ್ ಅವರ ಪತ್ನಿಗೆ ಸಿಗಲಿಲ್ಲ, ಹೊಸಬರಿಗೆ ಹೋಯಿತು.

ಪಕ್ಕದ ತಮಿಳುನಾಡು ಇದನ್ನು ಬೇರೆ ರೀತಿ ಮಾಡಿದೆ. 1969ರಲ್ಲಿ ಅಣ್ಣಾದುರೈಯವರನ್ನು ಮರೀನಾ ಕಡಲ ದಂಡೆಯಲ್ಲಿ ಹೂತದ್ದೇ ತಡ, ಆ ಮರಳು ದ್ರಾವಿಡ ರಾಜಕಾರಣದ ದೇವಸ್ಥಾನವಾಯಿತು. ಎಂ.ಜಿ.ಆರ್., ಜಯಲಲಿತಾ ಅಲ್ಲೇ. ಕರುಣಾನಿಧಿಯವರಿಗೆ ಜಾಗ ಸಿಗಲು 2018ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟ್ ರಾತ್ರೋರಾತ್ರಿ ವಿಚಾರಣೆಗೆ ಕೂರಬೇಕಾಯಿತು. ದೆಹಲಿಯಲ್ಲಿ ಯಮುನೆಯ ದಡ ರಾಜಘಾಟ್, ಶಾಂತಿವನ, ವಿಜಯಘಾಟ್, ಶಕ್ತಿಸ್ಥಳಗಳಿಂದ ತುಂಬಿದ ಮೇಲೆ 2013ರಲ್ಲಿ ಕೇಂದ್ರ ಸಂಪುಟ ಎಲ್ಲ ರಾಷ್ಟ್ರನಾಯಕರಿಗೂ ಒಂದೇ ಸ್ಮೃತಿ ಸ್ಥಳ ಸಾಕೆಂದು ತೀರ್ಮಾನಿಸಿತು. ಕರ್ನಾಟಕದಲ್ಲಿ ಅಂಥ ಜಾಗ ಇಲ್ಲ. ನಮಗೆ ಮರೀನಾ ಎಂದರೆ ಕಂಠೀರವ ಸ್ಟುಡಿಯೋ. ಅಲ್ಲಿ ರಾಜ್‌ಕುಮಾರ್, ಪುನೀತ್ ಇದ್ದಾರೆ. ಅವರ ನಡುವೆ ಇರುವ ಒಬ್ಬನೇ ರಾಜಕಾರಣಿ ಅಂಬರೀಶ್, ಅವರೂ ಅಲ್ಲಿಗೆ ಹೋದದ್ದು ನಟನಾಗಿ. ಮಂಡ್ಯದ ಜನ ಕೇಳಿದರೆಂದು ದೇಹವನ್ನು ಮಂಡ್ಯಕ್ಕೆ ಹಾರಿಸಿ ತಂದು, ಮತ್ತೆ ಬೆಂಗಳೂರಿಗೆ ಒಯ್ದು ಸುಟ್ಟರು. ವಿಷ್ಣುವರ್ಧನ್ ಸಮಾಧಿಗಾಗಿ ಅಭಿಮಾನಿಗಳು ಹತ್ತಾರು ವರ್ಷ ಬೀದಿಗಿಳಿದ ನಾಡಿನಲ್ಲಿ ಒಬ್ಬ ಮುಖ್ಯಮಂತ್ರಿಯ ಸಮಾಧಿಗಾಗಿ ಯಾರೂ ರಸ್ತೆ ತಡೆದದ್ದಿಲ್ಲ. ಇದನ್ನು ನಾನು ಕನ್ನಡಿಗರ ಆರೋಗ್ಯದ ಲಕ್ಷಣವೆಂದೇ ಎಣಿಸುತ್ತೇನೆ. ಎಸ್.ಎಂ. ಕೃಷ್ಣ 2024ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗಲೂ ದೇಹ ನೇರ ಮದ್ದೂರಿನ ಸೋಮನಹಳ್ಳಿಗೆ ಹೋಯಿತು. ಬೆಂಗಳೂರನ್ನು ಸಿಂಗಪುರ ಮಾಡುವ ಕನಸು ಕಂಡವರ ಚಿತೆ ಬೆಂಗಳೂರಿನಲ್ಲಿ ಉರಿಯಲಿಲ್ಲ.

ಮಸೀದಿ, ಇಗರ್ಜಿಗಳ ಕಡೆಗೆ ತಿರುಗಿದರೆ ಚಿತ್ರ ಬೇರೆ. ಅಲ್ಲಿ ಸಮಾಧಿ ಸಮುದಾಯದ ಜಾಗದಲ್ಲಿರುತ್ತದೆ, ಮಂತ್ರಿಗೂ ಮಗ್ಗುಲ ಮನೆಯ ದರ್ಜಿಗೂ ಒಂದೇ ಅಳತೆಯ ಮಣ್ಣು. 1984ರಲ್ಲಿ ಬೆಂಗಳೂರು ಉತ್ತರದಲ್ಲಿ ಸಿ.ಕೆ. ಜಾಫರ್ ಷರೀಫರು ಜಾರ್ಜ್ ಫರ್ನಾಂಡಿಸ್‌ರನ್ನು ಸೋಲಿಸಿದರು. ಮುಂದೆ ಇಬ್ಬರೂ ರೈಲ್ವೆ ಮಂತ್ರಿಗಳಾದರು. ಜಾರ್ಜ್ ಅವರಿಂದ ಕೊಂಕಣ ರೈಲಿಗೆ ಜೀವ ಬಂತು, ಷರೀಫರ ಯೂನಿಗೇಜ್ ಯೋಜನೆಯಿಂದ ಬೀರೂರು ಜಂಕ್ಷನ್ನಿನ ಮೀಟರ್ ಗೇಜ್ ಹಳಿಗಳು ಮರೆಯಾದವು. ಷರೀಫರು 2018ರ ನವೆಂಬರ್‌ನಲ್ಲಿ ತೀರಿಕೊಂಡು ಬೆಂಗಳೂರಿನ ಖಬರಸ್ತಾನ ಸೇರಿದರು. ಎರಡು ತಿಂಗಳ ನಂತರ ಜಾರ್ಜ್. ಮಂಗಳೂರಿನ ಕ್ರೈಸ್ತ ಮನೆಯ ಮಗನನ್ನು ದೆಹಲಿಯ ಲೋಧಿ ರಸ್ತೆಯಲ್ಲಿ ಸುಟ್ಟು, ಆಮೇಲೆ ಬೂದಿಯನ್ನು ಪೃಥ್ವಿರಾಜ್ ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಹೂತರು. ಸುಡುವುದೋ ಹೂಳುವುದೋ ಎಂಬ ಜಗಳಕ್ಕೆ ಸಮಾಜವಾದಿಯೊಬ್ಬ ಕೊಟ್ಟ ಉತ್ತರ ಅದು: ಎರಡೂ ಇರಲಿ! ಉಡುಪಿಯಿಂದ ಐದು ಸಲ ಗೆದ್ದ ಆಸ್ಕರ್ ಫರ್ನಾಂಡಿಸ್ 2021ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ದೇಹ ಉಡುಪಿ ಕಂಡು ಬೆಂಗಳೂರಿಗೆ ಬಂದು ಹೊಸೂರು ರಸ್ತೆಯ ಸ್ಮಶಾನದಲ್ಲಿ ನೆಲೆಸಿತು.

ರೈಲ್ವೆಯ ಮಾತಿಗೆ ಮೂರನೆಯ ಹೆಸರೊಂದು ಸೇರಬೇಕು. ಬೆಳಗಾವಿಯ ಸುರೇಶ್ ಅಂಗಡಿ, ರೈಲ್ವೆ ರಾಜ್ಯ ಸಚಿವರಾಗಿದ್ದಾಗಲೇ 2020ರ ಸೆಪ್ಟೆಂಬರ್ 23ರಂದು ಕೋವಿಡ್‌ನಿಂದ ದೆಹಲಿಯಲ್ಲಿ ತೀರಿಕೊಂಡರು. ದೇಹ ಊರಿಗೆ ತರಲು ನಿಯಮ ಬಿಡಲಿಲ್ಲ. ದ್ವಾರಕಾದ ಲಿಂಗಾಯತ ರುದ್ರಭೂಮಿಯಲ್ಲಿ, ಪಿಪಿಇ ಕಿಟ್ ತೊಟ್ಟವರ ನಡುವೆ, ಬೆರಳೆಣಿಕೆಯ ಬಂಧುಗಳ ಎದುರು ಸಮಾಧಿಯಾಯಿತು. ಊರಿನ ಮಣ್ಣೇ ಬೇಕೆಂಬ ನಮ್ಮ ನಾಯಕರ ಹಟಕ್ಕೆ ಇದೊಂದು ಅಪವಾದ, ಅದೂ ಒಪ್ಪಿ ಬಂದದ್ದಲ್ಲ. ಮುಂದಿನ ಏಪ್ರಿಲ್‌ನ ಉಪಚುನಾವಣೆಯಲ್ಲಿ ಪತ್ನಿ ಮಂಗಲಾ ಅಂಗಡಿ ಐದು ಸಾವಿರ ಚಿಲ್ಲರೆ ಮತಗಳಿಂದ ಗೆದ್ದರು.

ಪಟ್ಟಿಯಲ್ಲಿ ಹೆಣ್ಣುಮಕ್ಕಳೆಲ್ಲಿ ಎಂದು ಓದುಗರು ಕೇಳಬಹುದು. ವಿಧವೆಯರಾಗಿ ಇದ್ದಾರೆ, ಸಮಾಧಿಯ ಪಕ್ಕ ನಿಂತವರಾಗಿ ಇದ್ದಾರೆ. ಕರ್ನಾಟಕ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಕೆ.ಎಸ್. ನಾಗರತ್ನಮ್ಮ ಗುಂಡ್ಲುಪೇಟೆಯಿಂದ ಏಳು ಸಲ ಗೆದ್ದವರು. ಅವರ ಪುಣ್ಯಸ್ಮರಣೆಗೆ ಫ್ಲೆಕ್ಸ್ ಕಟ್ಟುವವರ ಸಂಖ್ಯೆಯನ್ನು ಅದೇ ತಾಲ್ಲೂಕಿನ ಗಂಡಸರ ಲೆಕ್ಕದ ಜೊತೆ ಹೋಲಿಸಿ ನೋಡಿ. ಕಡೂರಿನ ಪಾಂಬಬ್ಬೆಗೆ ಸಿಕ್ಕ ಕಲ್ಲು ಈ ಕಾಲದ ಯಾವ ಶಾಸಕಿಗೂ ಸಿಕ್ಕಂತಿಲ್ಲ.

ಕಲ್ಲೇ ಬೇಕೆಂದಿಲ್ಲ ಎನ್ನುವವರೂ ಇದ್ದಾರೆ. ಶಾಂತವೇರಿ ಗೋಪಾಲಗೌಡರ ಹೆಸರು ವಿಧಾನಸೌಧದ ಪಕ್ಕದ ವೃತ್ತಕ್ಕಿದೆ, ದಿನಾ ಲಕ್ಷಾಂತರ ವಾಹನ ಸುತ್ತುತ್ತವೆ. 2010ರಲ್ಲಿ ತೀರಿಕೊಂಡ ಜ್ಯೋತಿ ಬಸು ಮೊದಲೇ ದೇಹವನ್ನು ಆಸ್ಪತ್ರೆಗೆ ಬರೆದುಕೊಟ್ಟು ಸಮಾಧಿಯ ಪ್ರಶ್ನೆಯನ್ನೇ ಇಲ್ಲವಾಗಿಸಿದರು. ಒಪ್ಪುವ ಮಾತೇ. ಆದರೆ ಬಯಲುಸೀಮೆಯ ಶಾಸಕನಿಗೆ ಅಡಿಕೆ ತೋಟ ಇರುತ್ತದೆ, ತೋಟದಲ್ಲಿ ಅಪ್ಪನ ಸಮಾಧಿ ಇರುತ್ತದೆ, ಅವನೂ ಅಲ್ಲೇ ಮಣ್ಣಾಗುತ್ತಾನೆ. ಅದನ್ನು ತಡೆಯುವುದು ಸಾಧ್ಯವಿಲ್ಲ, ತಡೆಯಬೇಕಾಗಿಯೂ ಇಲ್ಲ.

ಆಗಬೇಕಾದ್ದು ದಾಖಲೆ. 1952ರ ಮೊದಲ ಚುನಾವಣೆಯಿಂದ ಈಚೆಗೆ ಕಡೂರು, ಬೀರೂರು, ತರೀಕೆರೆಗಳಿಂದ ಗೆದ್ದ ಎಷ್ಟೋ ಮಂದಿಯ ತೋಟಗಳು ಮೊಮ್ಮಕ್ಕಳ ಕಾಲದಲ್ಲಿ ಪಾಲಾಗಿವೆ, ಕೆಲವು ಕೈ ಬದಲಾಗಿವೆ. ಕ್ರಯಪತ್ರದಲ್ಲಿ ಸಮಾಧಿಯ ಜಾಗ ಬಿಟ್ಟು ಬರೆಸಿದರೆ ಉಳಿಯುತ್ತದೆ, ಇಲ್ಲವಾದರೆ ಜೆಸಿಬಿಗೆ ಅದು ಇನ್ನೊಂದು ದಿಬ್ಬ. ಮೂರೂ ತಾಲ್ಲೂಕುಗಳ ಕನ್ನಡ ಸಾಹಿತ್ಯ ಪರಿಷತ್ತಿನ ಘಟಕಗಳು, ಕಾಲೇಜುಗಳ ಇತಿಹಾಸ ವಿಭಾಗಗಳು ಈ ಕೆಲಸ ಹಿಡಿಯಲಿ. ಯಾರು, ಯಾವ ವರ್ಷಗಳಲ್ಲಿ ಶಾಸಕರಾಗಿದ್ದರು, ಎಲ್ಲಿ ಮಣ್ಣಾದರು, ಯಾವ ಸರ್ವೆ ನಂಬರು, ಇಷ್ಟು ಬರೆದಿಟ್ಟರೆ ಸಾಕು. ಅದರ ಪಕ್ಕದಲ್ಲೇ ಇನ್ನೊಂದು ಪಟ್ಟಿಯೂ ಬರಲಿ: ಭದ್ರೆಯ ಹಿನ್ನೀರಿನಲ್ಲಿ ಮುಳುಗಿದ, ಕಾಡಿನೊಳಗೆ ಬಿಟ್ಟು ಬಂದ ಊರುಗಳ ಮಸಣಗಳದ್ದು. ಅವುಗಳ ಗುರುತು ಬಲ್ಲ ಹಿರಿಯರು ಎಂ.ಸಿ. ಹಳ್ಳಿಯಲ್ಲಿ ಇನ್ನೂ ಇದ್ದಾರೆ, ಹೋಗಿ ಕೇಳಿ.